ಟಿ-ಸ್ಕ್ವೇರ್‌ಗೆ ಸಿಕ್ಕಿದ ಮಡಿಸೀರೆ

‘ಕಾಲಕ್ಕೆ ತಕ್ಕಂತೆ ಆರ್ಕಿಟೆಕ್ಟ್ ಬದಲಾಗಬೇಕು’ ಎಂದು ಶನಿವಾರ ಸಂಜೆ ಮುಂಬಯಿ ಪಕ್ಕದ ಠಾಣೆಯ ಕನ್ನಡ ಸಂಘದಲ್ಲಿ ಭಾಷಣ ಬಿಗಿದೆ. ಭಾನುವಾರ ಬೆಳಿಗ್ಗೆ ಅಮ್ಮನಿಂದ ಬೈಸಿಕೊಂಡೆ. ಎರಡಕ್ಕೂ ಸಂಬಂಧವಿದೆ, ಕೇಳಿ.

ಡೊಂಬಿವಲಿಯಲ್ಲಿ ನಾನಿರುವ ಬಿಲ್ಡಿಂಗ್ ನಾನೇ ಡಿಸೈನ್ ಮಾಡಿದ್ದು. (ಹೌದು, ಸೋರುವುದು ಕೂಡ ನನ್ನ ಕೈಗುಣವೇ.) ಅದರ ಫೋಟೋ ಒಂದು ಮ್ಯಾಗಜೀನಿನಲ್ಲಿ ಬರಲಿತ್ತು. ಮಳೆಗಾಲದಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದ ಬೆಳಗು. ಫೋಟೋಗ್ರಾಫರ್ ಬಂದೇ ಬಿಟ್ಟ. ಆದರೆ ನನ್ನ ಹೆಮ್ಮೆಯ ಬಾಲ್ಕನಿಗಳೆಲ್ಲಿ? ಎಲ್ಲಿ ನೋಡಿದರೂ ಲಂಗ, ಬನಿಯನ್, ಬೆಡ್‌ಶೀಟು!

ಮನೆಮನೆ ಬಾಗಿಲು ತಟ್ಟಿದೆ. ಒಂದು ತಾಸು ಬಟ್ಟೆ ಒಳಗಿಡಿ ಎಂದು ಬೇಡಿದೆ. “ಘರಾತ್ ಕುಠೇ ಠೇವೂ?” ಎಂದರು ಎದುರುಮನೆಯ ಜೋಶಿ ಕಾಕು. ಮನೆಯೊಳಗೆ ಎಲ್ಲಿಡಲಿ? ನಕ್ಷೆ ಬರೆಯುವಾಗ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಆದರೂ ಪಾಪ, ಎಲ್ಲರೂ ಒಳಗೆಳೆದುಕೊಂಡರು.

ಕೆಳಗಿಳಿದು ನೋಡುತ್ತೇನೆ, ಒಂದೇ ಒಂದು ಸೀರೆ ನೇತಾಡುತ್ತಿದೆ. ನಮ್ಮ ಮನೆಯದೇ!

ಅಮ್ಮನ ಮಡಿಸೀರೆ. ಉಡುಪಿ ಕಡೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹಿಂದಿನ ದಿನ ಒಗೆದು ಹರವಿದ ಸೀರೆಯನ್ನು, ಸ್ನಾನ ಮಾಡಿ ಬಂದು ಅವಳೇ ತೆಗೆದು ಉಡುವ ತನಕ ಯಾರೂ ಮುಟ್ಟುವಂತಿಲ್ಲ. ಉಟ್ಟ ಮೇಲೆಯೇ ಅಡುಗೆ, ಊಟ. ಅಂದು ದ್ವಾದಶಿ ಬೇರೆ. ಏಕಾದಶಿಯಿಡೀ ಉಪವಾಸವಿದ್ದ ಮುದುಕಿ ಬೆಳಿಗ್ಗೆ ಬೇಗನೆ ಉಣ್ಣಬೇಕು.

ಬಿಸಿಲು ಕಾಯುತ್ತದೆಯೇ? ಮತ್ತೆ ಮೇಲಕ್ಕೆ ಓಡಿದೆ. ಅಮ್ಮ ಇನ್ನೂ ಬಚ್ಚಲಲ್ಲಿದ್ದಳು. ಊರಲ್ಲಾದರೆ ಮಡಿಬಟ್ಟೆ ಎತ್ತಲು ಕೋಲಿರುತ್ತದೆ. ನನ್ನಲ್ಲೂ ಇದೆಯಲ್ಲ, ನಕ್ಷೆಯ ಗೆರೆ ಎಳೆಯುವ ಮರದ ಟಿ-ಸ್ಕ್ವೇರ್! ಮುಟ್ಟದೆ ಎತ್ತಿ ಒಳಗೆ ಹಾಕಿದರಾಯಿತು. ಎಂಥ ಬುದ್ಧಿವಂತಿಕೆ!

ಸೀರೆ ಎದ್ದಿತು. ಗಾಳಿಗೆ ಉಬ್ಬಿತು. ಜಾರಿ ಮೂರು ಮಹಡಿ ಕೆಳಗೆ ಕೆಸರಿಗೆ ಬಿತ್ತು.

“ಎಂತ ಮಾಡಿದ್ದು ಮಾರಾಯ ನೀನು?” ಬಚ್ಚಲ ಬಾಗಿಲ ಸಂದಿಯಿಂದ ಅಮ್ಮನ ದನಿ. “ಇನ್ನು ನಾನು ಎಂತ ಉಡುವುದು, ನಿನ್ನ ನಕ್ಷೆಯಾ?”

“ಬೇರೆ ಸೀರೆ ಇಲ್ವಾ ಅಮ್ಮ?”

“ಈ ಮಳೆಗೆ ಮಡಿಯಲ್ಲಿ ಒಣಗಿದ್ದು ಅದೊಂದೇ. ಹೋಗು, ನಿನ್ನ ಫೋಟೋ ತೆಗೆಸು.”

ಅಷ್ಟರಲ್ಲಿ ನಲ್ಲಿ ನಿಂತಿತ್ತು. ಬಕೆಟಿನಲ್ಲಿ ಉಳಿದ ನೀರಲ್ಲಿ ಇನ್ನೊಂದು ಸೀರೆ ಅದ್ದಿ, ಹಿಂಡಿ, ಒದ್ದೆಯಲ್ಲೇ ಉಟ್ಟು (ಒದ್ದೆ ಬಟ್ಟೆಯೂ ಮಡಿಯೇ) ಸ್ಟವ್ ಹಚ್ಚಿದಳು. ನಡುಗುತ್ತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಕೆಳಗಿಳಿದೆ. (ಮ್ಯಾಗಜೀನ್ ಅಂದರೆ ಸುಮ್ಮನೆಯೇ?)

ಕಾಲಕ್ಕೆ ತಕ್ಕಂತೆ ಬದಲಾಗಬೇಕಂತೆ! ನಾವು ಬಿಲ್ಡರ್‌ಗೆ ಬರೆದುಕೊಡುವ ಬಣ್ಣದ ಚಿತ್ರ ನೋಡಿದ್ದೀರಾ? ಗೇಟಿನೆದುರು ಕಾರು, ಛತ್ರಿ ಹಿಡಿದ ಮೇಡಂ, ಈ ಸೀಮೆಯಲ್ಲೇ ಬೆಳೆಯದ ಒಂದು ಮರ. ಡೊಂಬಿವಲಿಯಲ್ಲಿ ಎಷ್ಟು ಜನರಿಗೆ ಕಾರಿದೆ? ಬಟ್ಟೆ ಒಗೆಯದ ಮನೆ ಎಷ್ಟಿವೆ? ಇಷ್ಟು ವರ್ಷದಲ್ಲಿ ಒಂದು ಒದ್ದೆ ಪಂಚೆಯನ್ನೂ ನಾನು ಬರೆದವನಲ್ಲ.

ಫೋಟೋಗ್ರಾಫರ್ ಕ್ಯಾಮೆರಾಕ್ಕೆ ಕಣ್ಣಿಟ್ಟ. ಸಾಲು ಬಾಲ್ಕನಿಗಳು, ಒಂದು ಗೆರೆ ಅತ್ತಿತ್ತ ಇಲ್ಲ. ನಾನು ಹಿಗ್ಗಿದೆ. ಅವನು ತಲೆಯೆತ್ತಿ ಕೇಳಿದ:

“ಸಾಬ್, ಇಧರ್ ಅಭೀ ತಕ್ ಕೋಯಿ ರಹನೇ ನಹೀ ಆಯಾ ಕ್ಯಾ?”

ಇನ್ನೂ ಯಾರೂ ವಾಸಕ್ಕೆ ಬಂದಿಲ್ಲವೇ? ನಾನು ಬಾಯಿ ತೆರೆಯುವ ಮೊದಲೇ ಮೂರನೇ ಮಹಡಿಯಲ್ಲಿ ಅಮ್ಮ ಸೀನಿದಳು.