ಕೆಂಪಣ್ಣನ ತೆರೆದ ಕಣ್ಣು

ಮೈಕ್ರೋಸ್ಕೋಪಿಗೆ ಒಂದು ಕಣ್ಣಿಟ್ಟರೆ ಇನ್ನೊಂದನ್ನು ಎಲ್ಲರೂ ಮುಚ್ಚುತ್ತಾರೆ. ಕೆಂಪಣ್ಣ ಮುಚ್ಚುತ್ತಿರಲಿಲ್ಲ. ಒಂದು ಕಣ್ಣು ಗಾಜಿನ ಮೇಲಿನ ಹುಳದ ಮೊಟ್ಟೆ ನೋಡುತ್ತಿದ್ದರೆ ಇನ್ನೊಂದು ನಮ್ಮನ್ನು ನೋಡುತ್ತಿತ್ತು. "ಮುಚ್ಬ್ಯಾಡಿ ಕಣ್ರವ್ವ, ಬಿರ್ರನೆ ಸೋತೋಯ್ತದೆ ಕಣ್ಣು. ಎಲ್ಡೂ ತೆಗ್ದು ನೋಡಿ" ಎನ್ನುತ್ತಿದ್ದರು.

ಮಂಡ್ಯದಲ್ಲಿ ನಾನು ಓದಿದ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿಗೆ ಅವರು ಅಟೆಂಡರು. ಎಸ್ಸೆಸ್ಸೆಲ್ಸಿ ಫೇಲು. ಖಾಕಿ ಅಂಗಿಯ ಜೇಬಿನಲ್ಲಿ ಹಳೇ ಪಂಚೆಯ ತುಂಡೊಂದು ಸದಾ ಇರುತ್ತಿತ್ತು, ಸ್ಲೈಡು ಒರೆಸುವುದಕ್ಕೆ. ಬಾಟಲಿಯೊಳಗಿನ ಲಾಡಿಹುಳಕ್ಕೆ ಔಷಧಿ ನೀರು ಬದಲಿಸುವಾಗ "ಸುಮ್ಕಿರ್ಲಾ, ಅಲ್ಲಾಡ್ಬ್ಯಾಡ" ಎಂದು ಅದನ್ನೇ ಗದರುವರು.

ನಾನು ಕೊಕ್ಕರೆ ಬೆಳ್ಳೂರಿನ ಕಡೆಯವಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ಹಾಗಾಗಿ ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದಂತೆಯೇ ಮಾಡುತ್ತಿದ್ದೆ. "ನಾಳೆ ಬೆಂಕಿಪೊಟ್ಟಣದಲ್ಲಿ ಮಲದ ಸ್ಯಾಂಪಲ್ ತನ್ನಿ" ಅಂದರು. ಯಾರೂ ತಮ್ಮದನ್ನು ತರುವುದಿಲ್ಲ, ಕೆಂಪಣ್ಣನೇ ಆಸ್ಪತ್ರೆಯಿಂದ ತಂದು ಹಂಚುತ್ತಾರೆ ಎಂಬುದು ಉಳಿದವರಿಗೆಲ್ಲ ಗೊತ್ತಿತ್ತು. ನನಗೆ ಹೇಳುವವರು ಯಾರು? ನಾನು ನನ್ನದನ್ನೇ ತಂದೆ. ಮೇಲೆ ಹೆಸರು, ರೋಲ್ ನಂಬರು ಬೇರೆ ದುಂಡಗೆ ಬರೆದಿದ್ದೆ.

ಸ್ಲೈಡಿನ ತುಂಬ ಜಂತುಹುಳದ ಮೊಟ್ಟೆ. ಇಡೀ ಕ್ಲಾಸು ಸಾಲಾಗಿ ಬಂದು ನೋಡಿತು. ಸಂಜೆಯೊಳಗೆ ನಾನು 'ಜಂತಮ್ಮ' ಆಗಿದ್ದೆ. ಮಾರನೇ ದಿನ ಕಾಲೇಜಿಗೆ ಹೋಗಲಿಲ್ಲ. ಓದು ಸಾಕು ಎಂದು ಅವ್ವನ ಜೊತೆ ಕಳೆ ಕೀಳಲು ಗದ್ದೆಗಿಳಿದೆ.

ಭಾನುವಾರ ಕೆಂಪಣ್ಣ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಜಗಲಿ ಮೇಲೆ ಕೂತು ಜೇಬಿನಿಂದ ಮಾತ್ರೆ ತೆಗೆದರು. ಒಂದು ನನಗೆ, ಉಳಿದವು ಮನೆಯವರಿಗೆ.

"ತಕ್ಕೊ. ಇದ ನುಂಗುದ್ರೆ ಹುಳ ಓಯ್ತದೆ. ಕಾಲೇಜು ಬುಟ್ರೆ ಓಯ್ತದಾ?"

ನಾನು ಉಗುರಿಗಂಟಿದ್ದ ಗದ್ದೆಯ ಕೆಸರು ತೆಗೆಯತೊಡಗಿದೆ.

"ಐಗುಪ್ತದಲ್ಲಿ ಸಾವ್ರಾರು ವರ್ಸದ ಹಿಂದೆ ಹೆಣ ಒಣಗ್ಸಿ, ಬಟ್ಟೆ ಸುತ್ತಿ ಮಡಗವ್ರಲ್ಲ, ಅವ್ರ ಹೊಟ್ಟೇಲೂ ಇದೇ ಮೊಟ್ಟೆ ಸಿಕ್ಕವಂತೆ. ಹಳೇ ಮೇಷ್ಟ್ರು ಹೇಳ್ತಿದ್ರು. ಅವ್ರಿಗಿಲ್ದಿದ್ ನಾಚ್ಕೆ ನಿಂಗ್ಯಾಕವ್ವ?"

"ಹೆಣಕ್ಕೆ ಎಲ್ಲಿ ಬಂದದು ನಾಚ್ಕೆ?" ಎಂದು ಅವ್ವ ನಕ್ಕಳು. ನಾನೂ ನಕ್ಕುಬಿಟ್ಟೆ. ಸೋಮವಾರ ಬಸ್ಸು ಹತ್ತಿದೆ.

ಐಗುಪ್ತದ, ಅಂದರೆ ಈಜಿಪ್ಟಿನ, ಮಾತನ್ನು ಅವರು ಕ್ಲಾಸಿನಲ್ಲೂ ಹೇಳಿದರು. ಯಾರೂ ನಂಬಲಿಲ್ಲ. "ಐಗುಪ್ತಕ್ಕೆ ಯಾವ ಬಸ್ಸಲ್ಲಿ ಹೋಗಿದ್ದೆ ಕೆಂಪಣ್ಣ, ಮದ್ದೂರಿನ ಮೇಲಾ?" ಎಂದು ಒಬ್ಬ ಕೇಳಿದ.

"ನಗ್ರಪ್ಪ ನಗ್ರಿ. ತನ್ನದ್ನ ತಾನೇ ತಂದೋಳು ಇವಳೊಬ್ಬಳೇ. ನೀವೆಲ್ಲ ಎರವಲು ತಂದೋರು!"

ಆಮೇಲೆ 'ಜಂತಮ್ಮ' ಎನ್ನುವವರು ಕಡಿಮೆಯಾದರು. ಆದರೆ ಐಗುಪ್ತದ ಮಾತು ಮಾತ್ರ ಕೆಂಪಣ್ಣ ಬಿಟ್ಟ ಬುರುಡೆ ಎಂದೇ ಉಳಿಯಿತು. ನಿಜ ಹೇಳಬೇಕೆಂದರೆ, ನನ್ನನ್ನು ಕರೆತರಲು ಕಟ್ಟಿದ ಕತೆ ಎಂದು ನಾನೂ ಅಂದುಕೊಂಡಿದ್ದೆ.

ಈಗ ಮಳವಳ್ಳಿಯಲ್ಲಿ ಅದೇ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಪಾಠಕ್ಕೆಂದು ಹುಡುಕುತ್ತಿದ್ದಾಗ ಒಂದು ಲೇಖನ ಸಿಕ್ಕಿತು. ಐಗುಪ್ತದ ಮಮ್ಮಿಯೊಂದರ ಕರುಳಿನಲ್ಲಿ ಸಿಕ್ಕ ಜಂತುಹುಳದ ಮೊಟ್ಟೆಯ ಚಿತ್ರ. ಕೆಂಪಣ್ಣ ಹೇಳಿದ್ದು ನಿಜ! ಕಲರ್ ಪ್ರಿಂಟು ತೆಗೆಸಿ, ಕಿರುಗಾವಲಿನಲ್ಲಿದ್ದ ಅವರ ಮನೆಗೆ ಓಡಿದೆ.

ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ತಿಂದಿತ್ತು. ಅದು ನನಗೆ ಗೊತ್ತಿರಲಿಲ್ಲ.

"ಯಾರವ್ವ?"

"ಜಂತಮ್ಮ ಕಣಣ್ಣ."

ಬೊಚ್ಚುಬಾಯಿ ಅರಳಿತು. ಕಾಗದವನ್ನು ಕೈಗಿಟ್ಟು, ಏನೆಂದು ಹೇಳಿದೆ. ತೆರೆದ ಕಣ್ಣುಗಳು ಎಲ್ಲೋ ನೋಡುತ್ತಿದ್ದವು. ಬೆರಳು ಮಾತ್ರ ಕಾಗದವನ್ನು ಸವರಿತು.

"ಎಂಗದೆ ಹೇಳು."

"ದುಂಡಗೆ, ಸ್ವಲ್ಪ ಉದ್ದಕ್ಕೆ, ಕಂದು ಬಣ್ಣ."

"ಮ್ಯಾಲಿನ ಸಿಪ್ಪೆ ಗಂಟುಗಂಟಾಗದಾ?"

"ಅದೆ ಅಣ್ಣ."

"ಅಂಗಾರೆ ಜಂತುದೇ. ಸುಳ್ಳೇಳಿರ್ನಿಲ್ಲ ನಾನು."

"ಇಲ್ಲಣ್ಣ. ನಾನೇ ನಂಬಿರಲಿಲ್ಲ."

ಹೋದ ವರ್ಷ ಕೆಂಪಣ್ಣ ತೀರಿಕೊಂಡರು. ಚಿತ್ರ ಕೊಟ್ಟ ಅವತ್ತಿನದೇ ಕೊನೆಯ ಭೇಟಿ. ಕಾಣದ ಆ ಚಿತ್ರವನ್ನು ನಾಲ್ಕಾಗಿ ಮಡಚಿ, ಪಂಚೆಯ ತುಂಡಿರುತ್ತಿದ್ದ ಜೇಬಿಗೆ ಇಟ್ಟುಕೊಂಡರು. ನಾನು ಹೊರಡಲು ಎದ್ದಾಗ ಕೇಳಿದರು:

"ಯಾರ್ದವ್ವ ಆ ಹೆಣ, ರಾಜಂದಾ?"

"ಅಲ್ಲಣ್ಣ. ಯಾರೋ ಹುಡುಗಿಯಂತೆ. ಹೆಸರು ಗೊತ್ತಿಲ್ಲ."

ಜೇಬನ್ನು ಸವರಿಕೊಳ್ಳುತ್ತ ಹೇಳಿದರು: "ಪಾಪ, ಆ ಮಗೀಗೆ ಮಾತ್ರೆ ತಕ್ಕೊಂಡ್ ಓಗೋರು ಯಾರೂ ಇರ್ನಿಲ್ವೇನೋ."