ಆರೋಪಿಯ ಮನೆಗೆ ಹೋಳಿಗೆ ಒಯ್ದ ಭಾನುವಾರ

ಮಗಳ ಊಟದ ಡಬ್ಬಿ ಕಟ್ಟಿಕೊಟ್ಟ ಹಾಗೇ ಮನೆಗೆ ವಾಪಸ್ ಬರತೊಡಗಿದಾಗ ಏನೋ ಆಗಿದೆ ಅನ್ನಿಸಿತು. ಚಪಾತಿ ಸುರುಳಿ ಅಲುಗಿರುತ್ತಿರಲಿಲ್ಲ. ಪಲ್ಯದ ಮೇಲೆ ಉದುರಿಸಿದ ಕೊತ್ತಂಬರಿ ಕೂಡ ಇಟ್ಟಲ್ಲೇ ಬಾಡಿರುತ್ತಿತ್ತು. ಬಾಗಿಲಲ್ಲಿ ಕೂತು ಬೂಟಿನ ಲೇಸು ಬಿಡಿಸಿ, ಜೋಡಿಯಾಗಿ ಗೋಡೆಗೆ ಇಡುತ್ತಿದ್ದ ಹುಡುಗಿ ಈಗ ಹಿಮ್ಮಡಿ ಹಿಡಿದು ಎಳೆದು ಅಲ್ಲೇ ಬಿಡುತ್ತಿದ್ದಳು.

ಅವಳು ಪೊಲೀಸ್. ಹಾಗಂತ ಬರೆಯುವಾಗ ಈಗಲೂ ನನಗೆ ಒಂಚೂರು ಅಳುಕು. ನಾವು ಧಾರವಾಡದ ಕಡೆಯವರು. ನಮ್ಮ ಓಣಿಯಲ್ಲಿ ಪೊಲೀಸ್ ಜೀಪು ನಿಂತರೆ ನಮ್ಮವ್ವ ಮೊದಲು ಕಿಟಕಿ ಹಾಕಿ, ಆಮೇಲೆ ಯಾರ ಮನೆಗೆ ಬಂದರು ಅಂತ ಸಂದಿಯಿಂದ ನೋಡುತ್ತಿದ್ದಳು. ಸ್ಟೇಷನ್ ಮೆಟ್ಟಿಲು ಹತ್ತದೆ ಬದುಕಿದ್ದೇ ನಮ್ಮ ಬಳಗದ ದೊಡ್ಡಸ್ತಿಕೆ. ಗಂಡನಿಗೆ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಜರ್ಮನಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಶಾಲೆ ಮುಗಿಸಿದ ಮಗಳು, ಜನಕ್ಕೆ ನಂಬಿಕೆ ಬರಬೇಕಾದರೆ ಯೂನಿಫಾರ್ಮಿನೊಳಗೆ ಎಲ್ಲ ಥರದ ಮುಖಗಳೂ ಕಾಣಬೇಕು ಎಂದು ನಮಗೇ ಪಾಠ ಹೇಳಿ ಅರ್ಜಿ ಹಾಕಿದ್ದಳು. ತರಬೇತಿಯ ನಡುವೆ ಇಲ್ಲಿ ನಾವಿರುವ ಊರಿನದೇ ಠಾಣೆಯಲ್ಲಿ ಕೆಲಸ ಕಲಿಯಲು ಹಾಕಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಲಿನವರು ಯಾವತ್ತು ಬೇಕಾದರೂ ಸಾಕು ಹೋಗು ಅನ್ನಬಹುದಿತ್ತು.

ಹೊಸಬರಿಗೆ ಕೆಲಸ ಕಲಿಸುವ ಹಿರಿಯ ಪೊಲೀಸನಿಗೆ ಅವರ ಮಾತಿನಲ್ಲಿ ‘ಕರಡಿ ಆಡಿಸುವವ’ ಅನ್ನುತ್ತಾರಂತೆ. ಅದನ್ನು ಕೇಳಿ ನಮ್ಮವರು ಊಟದ ತಟ್ಟೆ ಮುಂದೆಯೇ ನಕ್ಕಿದ್ದರು. “ಹಂಗಾರ ನೀ ಕರಡಿ ಏನವಾ? ಕುಣದು ತೋರಿಸು ನೋಡೂಣು!”

ಇವಳಿಗೆ ಕಲಿಸುವ ಆ ಹಿರಿಯ ದೀಪಾವಳಿಗೆ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದಿದ್ದ. ಐವತ್ತರ ಆಸುಪಾಸು, ದೊಡ್ಡ ಕೈ, ಸಣ್ಣ ದನಿ. ಹೊಸಿಲಲ್ಲಿ ನಾನು ಹಾಕಿದ ರಂಗೋಲಿ ತುಳಿಯದೆ, ಅಷ್ಟು ಎತ್ತರದವನು ತುದಿಗಾಲಲ್ಲಿ ದಾಟಿ ಒಳಗೆ ಬಂದ. ಶೇಂಗಾ ಹೋಳಿಗೆ ಬಾಯಿಗಿಟ್ಟು ಕಣ್ಣು ಮುಚ್ಚಿದ. ಹೋಗುವಾಗ, “ನಿಮ್ಮ ಮಗಳು ಎಲ್ಲವನ್ನೂ ಗಮನವಿಟ್ಟು ನೋಡುತ್ತಾಳೆ. ಈ ಕೆಲಸಕ್ಕೆ ಅದೇ ಬೇಕಾದದ್ದು” ಅಂದ. ನಾನು ಆ ಮಾತನ್ನು ಊರಿಗೆ ಫೋನ್ ಮಾಡಿ ಅಕ್ಕನಿಗೂ ಹೇಳಿದ್ದೆ.

ಒಂದು ಸಂಜೆ ನಾನು ಡಬ್ಬಿ ತೆರೆದು ಅವಳ ಮುಂದಿಟ್ಟು ಸುಮ್ಮನೆ ಕೂತೆ. ಅವಳು ಚಪಾತಿಯನ್ನೇ ನೋಡುತ್ತ ಹೇಳಿದಳು. ರೈಲು ನಿಲ್ದಾಣದಲ್ಲಿ ಕುಡಿದು ಗಲಾಟೆ ಮಾಡುತ್ತಿದ್ದ ಒಬ್ಬ ವಯಸ್ಸಾದವನನ್ನು ಅವಳೂ ಆ ಹಿರಿಯನೂ ಹಿಡಿದಿದ್ದರು. ಕೈಗೆ ಕೋಳ ಹಾಕಿ ಬೆಂಚಿನ ಮೇಲೆ ಕೂರಿಸಿಯೂ ಆಗಿತ್ತು. ಆತ ಏನೋ ಕೆಟ್ಟ ಬೈಗುಳ ಬೈದ. ಕಲಿಸುವ ಹಿರಿಯ ತಿರುಗಿದವನೇ ಎಡಗಿವಿಯ ಮೇಲೆ ಹೊಡೆದ. ಆತ ವಾಲಿದಾಗ ಎತ್ತಿ ಕೂರಿಸಿ ಮತ್ತೆ ಹೊಡೆದ. ವ್ಯಾನಿಗೆ ಬಂದ ಮೇಲೆ ಇವಳಿಗೆ, “ನೀನು ಆಗ ಆ ಕಡೆ ನೋಡುತ್ತಿದ್ದೆ ಅಲ್ವಾ?” ಅಂದನಂತೆ. ಈಗ ಆ ಮುದುಕ ದೂರು ಕೊಟ್ಟಿದ್ದ. ಮುದುಕ ತಾನಾಗಿಯೇ ಬೆಂಚಿನ ಕಂಬಿಗೆ ತಲೆ ಬಡಿದುಕೊಂಡ ಅನ್ನುವುದು ಆ ಹಿರಿಯನ ಮಾತು. ಬೇರೆ ಯಾರೂ ನೋಡಿದವರಿಲ್ಲ.

“ನಾ ನೋಡೀನಿ, ಅಮ್ಮಾ. ಮೇಲಿನವರು ಕೇಳಿದ್ರು, ನೋಡೀನಿ ಅಂತ ಹೇಳಿಬಿಟ್ಟೆ.”

ನಮ್ಮವರು ನೀರಿನ ಲೋಟ ಕೆಳಗಿಟ್ಟರು. “ನೋಡಿದ್ದಿ, ಖರೇ. ನೋಡಿದ್ದೆಲ್ಲಾ ಹೇಳಬೇಕಂತ ಎಲ್ಲೆ ಅದ?”

“ಕಾನೂನಿನಾಗ ಅದ, ಪಪ್ಪಾ. ನಾ ಪೊಲೀಸ್. ಸುಮ್ಮನಿದ್ರ ನಂದೂ ಅಪರಾಧನ.”

“ಅಂವ ನಮ್ಮ ಮನಿಯಾಗ ಉಂಡು ಹೋಗ್ಯಾನ!”

“ಊಟಕ್ಕೂ ಇದಕ್ಕೂ ಏನ್ ಸಂಬಂಧ? ದಾಸ್ ಗೆಹ್ಟ್ ನಿಷ್ಟ್!” ಸಿಟ್ಟು ಬಂದರೆ ಅವಳಿಗೆ ಜರ್ಮನ್ ಬರುತ್ತದೆ. ಹಾಗೆಲ್ಲ ಆಗುವುದಿಲ್ಲ ಅಂತ ಅದರ ಅರ್ಥ.

ನಾನು ಡಬ್ಬಿಯ ಮುಚ್ಚಳ ಹಾಕಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬರ ಮೇಲೊಬ್ಬರು ಚಾಡಿ ಹೇಳಿದರೆ, ತಪ್ಪು ಮಾಡಿದವಳ ಪಕ್ಕದಲ್ಲೇ ಹೇಳಿದವಳನ್ನೂ ನಿಲ್ಲಿಸುತ್ತಿದ್ದರು. ಹೇಳದೆ ಇರುವುದೇ ಒಳ್ಳೆಯತನ ಅಂತ ನನ್ನ ಬೆನ್ನಿಗೆ ಅಂಟಿಕೊಂಡಿತ್ತು.

ಮುಂದಿನ ದಿನಗಳು ಕೆಟ್ಟವು. ಠಾಣೆಯಲ್ಲಿ ಇವಳು ಬಂದರೆ ಕಾಫಿ ಮೆಷಿನ್ನಿನ ಹತ್ತಿರ ಮಾತು ನಿಲ್ಲುತ್ತಿತ್ತಂತೆ. ವಾಟ್ಸಾಪ್ ಗುಂಪಿನಿಂದ ತೆಗೆದರು. ಲಾಕರಿನ ಮೇಲಿದ್ದ ಹೆಸರಿನ ಚೀಟಿಯನ್ನು ಯಾರೋ ತಿರುಗಿಸಿ ಅಂಟಿಸಿದ್ದರು. ರಾತ್ರಿ ಪಾಳಿಯಲ್ಲಿ ಸಹಾಯ ಕೇಳಿದರೆ ಇವರು ಓಡಿ ಬರುತ್ತಾರಾ ಅಂತ ನನಗೆ ಒಂದೇ ಯೋಚನೆ. ಅವಳ ಯೂನಿಫಾರ್ಮ್ ಶರ್ಟಿಗೆ ಇಸ್ತ್ರಿ ಹಾಕುವಾಗ ಬೆನ್ನಿನ ಮೇಲಿನ ‘ಪೊಲೀಸ್’ ಅಕ್ಷರಗಳನ್ನು ತಿಕ್ಕುತ್ತ, ತಿಕ್ಕಿದ್ದನ್ನೇ ತಿಕ್ಕುತ್ತ ನಿಂತುಬಿಡುತ್ತಿದ್ದೆ.

ಆಗ ನಮ್ಮವರಿಗೆ ಹೊಳೆದದ್ದು ನಮ್ಮ ಕಡೆಯ ದಾರಿ. ಊರಲ್ಲಿ ಎರಡು ಮನೆಗಳ ನಡುವೆ ಮನಸ್ತಾಪ ಬಂದರೆ ಹಿರಿಯರು ಒಂದು ಸಿಹಿ ಹಿಡಿದು ಆ ಮನೆಗೆ ಹೋಗುತ್ತಾರೆ. ಜಗಲಿಯಲ್ಲಿ ಕೂತು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಬರುವ ಹೊತ್ತಿಗೆ ಅರ್ಧ ತಣ್ಣಗಾಗಿರುತ್ತದೆ. ನಮ್ಮವರ ತಂದೆ ಇಂಥ ಎಷ್ಟೋ ಜಗಳ ಬಗೆಹರಿಸಿದವರು.

“ಕೇಸಿನ ಮಾತ ಎತ್ತೂದಿಲ್ಲ,” ಅಂದರು. “ನಮ್ಮ ಹುಡುಗಿ ಮ್ಯಾಲೆ ದ್ವೇಷ ಇಟಗೋಬ್ಯಾಡ್ರಿ ಅಂತ ಒಂದು ಮಾತು. ಅಂವಾ ದೊಡ್ಡಾಂವ. ಅಂವ ಹೇಳಿದ್ರ ಉಳಿದವ್ರು ಸುಮ್ನ ಆಗ್ತಾರ. ಹೋಗಿ ಬರೂಣು ನಡಿ.”

ನಾನೇ ಹೋಳಿಗೆ ಮಾಡಿದೆ. ಹುರಿದ ಶೇಂಗಾದ ಸಿಪ್ಪೆ ಊದುವಾಗ ಮಗಳು ಒಳಗೆ ಬಂದು, “ಯಾರು ಬರ್ತಾರ?” ಅಂದಳು. “ಯಾರೂ ಇಲ್ಲ, ಸುಮ್ನೆ” ಅಂದೆ. ಭಾನುವಾರ ಊಟ ಆದ ಮೇಲೆ ಅಡ್ಡಾಡಿ ಬರುತ್ತೇವೆ ಅಂತ ಅವಳಿಗೆ ಹೇಳಿ ಹೊರಟೆವು. ಅಡ್ಡಾಡಲು ಹೋಗುವವಳು ರೇಷ್ಮೆ ದುಪಟ್ಟಾ ಯಾಕೆ ಹಾಕಿಕೊಂಡೆ ಅಂತ ಅವಳು ಕೇಳಲಿಲ್ಲ. ಅಷ್ಟು ದಣಿದಿದ್ದಳು.

ಭಾನುವಾರದ ಮಧ್ಯಾಹ್ನ ಇಲ್ಲಿಯ ಬೀದಿಗಳಲ್ಲಿ ಯಾರೂ ಇರುವುದಿಲ್ಲ. ಆ ಹಿರಿಯ ಪೊಲೀಸನ ಮನೆ ಮುಂದೆ ಕಾರಿನ ಬಾಗಿಲು ಹಾಕಿದ ಸದ್ದೇ ಜೋರಾಯಿತು. ಎದುರು ಮನೆಯ ಪರದೆ ಸ್ವಲ್ಪ ಸರಿಯಿತು. ನಮ್ಮವರು ಬೆಲ್ ಒತ್ತಿ, ದಾರಿಯುದ್ದಕ್ಕೂ ಜೋಡಿಸಿಕೊಂಡ ಜರ್ಮನ್ ವಾಕ್ಯವನ್ನು ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡರು.

ಅವನೇ ಬಾಗಿಲು ತೆಗೆದ. ಕಾಲಲ್ಲಿ ಬರೀ ಸಾಕ್ಸು, ಒಂದರ ಹೆಬ್ಬೆರಳು ಸವೆದಿತ್ತು. ನಮ್ಮನ್ನು ನೋಡಿದ, ನನ್ನ ಕೈಯ ಡಬ್ಬಿ ನೋಡಿದ. ಮುಖದ ಬಣ್ಣ ಇಳಿಯಿತು. ಹಿಂದೆ ಅವನ ಹೆಂಡತಿ ಬಂದಳು, ನನ್ನನ್ನು ಗುರುತಿಸಿ ನಗಲು ಹೋಗಿ ನಿಲ್ಲಿಸಿದಳು.

“ನೀವು ಬಂದದ್ದು ಮಗಳಿಗೆ ಗೊತ್ತಾ?”

“ಇಲ್ಲ,” ಅಂದರು ನಮ್ಮವರು. “ನಾವು ತಂದೆತಾಯಿಯಾಗಿ...”

“ಹೋಗಿ.” ದನಿ ಅದೇ ಸಣ್ಣದು. “ದಯವಿಟ್ಟು ಈಗಲೇ ಹೋಗಿ.”

“ಎರಡು ನಿಮಿಷ, ಅಷ್ಟೆ.”

ಅವನು ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿಕೊಂಡ. “ನೀವು ಒಳಗೆ ಬಂದು ಕೂತರೆ ನನ್ನ ವಕೀಲರಿಗೆ ಬಹಳ ಸಂತೋಷವಾಗುತ್ತದೆ. ಸಾಕ್ಷಿಯ ಅಪ್ಪ ಅಮ್ಮ ವ್ಯವಹಾರಕ್ಕೆ ಬಂದಿದ್ದರು ಅನ್ನುತ್ತಾರೆ. ಅವಳ ಮಾತಿಗೆ ಆಮೇಲೆ ಏನು ಬೆಲೆ? ಅರ್ಥವಾಯಿತಾ?”

ನನ್ನ ಕೈಯಲ್ಲಿ ಡಬ್ಬಿ ಇನ್ನೂ ಬೆಚ್ಚಗಿತ್ತು. ನಾನು ಕೇಳಿಬಿಟ್ಟೆ: “ನೀವು ವಕೀಲರಿಗೆ ಹೇಳುತ್ತೀರಾ?”

ಅವನು ಹೆಂಡತಿಯನ್ನು ನೋಡಿದ. “ಗೊತ್ತಿಲ್ಲ,” ಅಂದ. ಬಾಗಿಲು ಮುಚ್ಚಿತು. ಬಡಿಯಲಿಲ್ಲ, ಮೆಲ್ಲಗೆ, ಚಿಲಕ ಕೂರುವ ತನಕ ಹಿಡಿದುಕೊಂಡೇ ಮುಚ್ಚಿದ.

ಕಾರಿನಲ್ಲಿ ನಮ್ಮವರು ಎಡಕ್ಕೆ ತಿರುಗಿದ ಮೇಲೂ ಇಂಡಿಕೇಟರ್ ಆರಿಸದೆ ಹೋಗುತ್ತಿದ್ದರು. “ಅಕೀಗೆ ಹೇಳೂದು ಬ್ಯಾಡ. ಅಂವ ಬಾಯಿ ಬಿಟ್ರ ಆವಾಗ ನೋಡೂಣು” ಅಂದರು.

“ರೀ,” ಅಂದೆ, “ಅವಳು ನೋಡಿದ್ದನ್ನ ಹೇಳಬಾರದು ಅಂದ್ರಿ. ಈಗ ನಾವು ಮಾಡಿದ್ದನ್ನೂ ಹೇಳಬಾರದು. ಮತ್ತೆ ಆ ಮನುಷ್ಯ ವ್ಯಾನಿನೊಳಗ ಹೇಳಿದ್ದೇನು? ಅದನ್ನ ಅಲ್ಲೇನ್ರಿ?”

ಅವರು ಇಂಡಿಕೇಟರ್ ಆರಿಸಿದರು. ಮನೆಗೆ ಹೋದವರು ಶೂ ಕೂಡ ಬಿಚ್ಚದೆ ಮಗಳ ಕೋಣೆಯ ಬಾಗಿಲು ತಟ್ಟಿದರು.

ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಕನ್ನಡದ ಒಂದು ಶಬ್ದವೂ ಇಲ್ಲದೆ, ಅಪರಿಚಿತರ ಹತ್ತಿರ ಮಾತಾಡುವ ಹಾಗೆ ಜರ್ಮನ್‌ನಲ್ಲಿ ಕೇಳಿದಳು. ಎಷ್ಟು ಗಂಟೆಗೆ ಹೋದಿರಿ. ಮೊದಲು ಯಾರು ಮಾತಾಡಿದರು. ಏನಾದರೂ ಕೊಟ್ಟಿರಾ. ಅವನು ತೆಗೆದುಕೊಂಡನಾ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಮುಂದೆ ನಾವಿಬ್ಬರೂ ಆರೋಪಿಗಳ ಹಾಗೆ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟೆವು. ಕೊನೆಗೆ ಫೋನ್ ಎತ್ತಿಕೊಂಡಳು.

“ಯಾರಿಗೆ?” ಅಂದರು ನಮ್ಮವರು.

“ತನಿಖೆ ಮಾಡೋರಿಗೆ. ಅಂವ ಹೇಳೋಕಿಂತ ಮೊದಲ ನಾ ಹೇಳತೀನಿ.”

“ನಿನ್ನ ಕೆಲಸ ಹೋದ್ರ?”

“ಹೋಗಲಿ, ಪಪ್ಪಾ.” ಆಮೇಲೆ ಅವಳ ದನಿ ಒಡೆಯಿತು. “ಇಲ್ಲ, ಹೋಗಬಾರದು. ನಂಗ ಈ ಕೆಲಸ ಬೇಕು.”

ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಮಗಳು ಫೋನಿನಲ್ಲಿ ಹೇಳಿದ್ದು ಕಡತ ಸೇರಿತ್ತು; ಆರೋಪಿಯ ವಕೀಲರು ಅದನ್ನೇ ಹಿಡಿದು ನನ್ನನ್ನೂ ಸಾಕ್ಷಿಯಾಗಿ ಕರೆಸಿದ್ದರು. ಮಗಳ ಸಾಕ್ಷಿ ಮುಗಿದು, ಅವಳು ಒಳಗೇ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಬಾಗಿಲು ದೂಡಿ ಒಳಗೆ ಹೋದಾಗ ಅವಳ ಜಡೆಯ ತುದಿ ಮಾತ್ರ ಕಂಡಿತು. ನಡುವೆ ಒಂಟಿ ಮೇಜು, ಒಂಟಿ ಕುರ್ಚಿ. ಶಾಲೆಯ ಅಭ್ಯಾಸ, ಕೂರಿ ಅನ್ನುವ ತನಕ ನಿಂತೇ ಇದ್ದೆ.

ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು. “ಡಬ್ಬಿಯಲ್ಲಿ ಏನಿತ್ತು?”

“ಶೇಂಗಾ ಹೋಳಿಗೆ.”

ನ್ಯಾಯಾಧೀಶರು ತಲೆ ಎತ್ತಿದರು. “ಅಂದರೆ?”

“ಸಿಹಿ. ಶೇಂಗಾ, ಬೆಲ್ಲ. ಕಣಕದೊಳಗೆ ತುಂಬಿ ತಟ್ಟುವುದು.” ಹಿಂದೆ ಯಾರೋ ಸಣ್ಣಗೆ ನಕ್ಕರು. ನನ್ನ ಕಿವಿ ಬಿಸಿಯಾಯಿತು.

“ಅದನ್ನು ಕೊಟ್ಟು ಏನು ಪಡೆಯಬೇಕು ಅಂತ ಹೋದಿರಿ? ಮಗಳು ತನ್ನ ಹೇಳಿಕೆ ವಾಪಸ್ ತೆಗೆದುಕೊಳ್ಳುತ್ತಾಳೆ ಎಂದು ತಿಳಿಸುವುದಕ್ಕಾ?”

“ಇಲ್ಲ. ನನ್ನ ಮಗಳನ್ನು ಠಾಣೆಯಲ್ಲಿ ಒಂಟಿ ಮಾಡಬೇಡಿ ಅಂತ ಕೇಳಲು. ಅವಳಿಗೆ ಗೊತ್ತಿರಲಿಲ್ಲ. ಅಡ್ಡಾಡಿ ಬರುತ್ತೇವೆ ಅಂತ ಅವಳಿಗೆ ಸುಳ್ಳು ಹೇಳಿದ್ದೆ.”

“ಅಂದರೆ ನಿಮಗೆ ಇಡೀ ಘಟನೆಯಲ್ಲಿ ಮಗಳ ಕೆಲಸದ್ದೇ ಚಿಂತೆ.”

“ಹೌದು,” ಅಂದೆ. ಹಾಗಂದಾಗಲೇ ಬಲಗಡೆ, ಆರೋಪಿಯ ಎದುರು ಸಾಲಿನಲ್ಲಿ, ಒಬ್ಬ ಮುದುಕ ಕೂತದ್ದು ಕಂಡಿತು, ಏಟು ತಿಂದವನು. ಮಡಿಕೆಯ ಗೆರೆಗಳು ಹಾಗೇ ಉಳಿದ ಹೊಸ ಶರ್ಟು. ಮಾತು ಕೇಳಿಸಲೆಂದು ಕುತ್ತಿಗೆ ಪೂರ್ತಿ ಹೊರಳಿಸಿ ಬಲಗಿವಿಯನ್ನು ನನ್ನ ಕಡೆ ಹಿಡಿದಿದ್ದ. ಇಷ್ಟು ತಿಂಗಳು ನಮ್ಮ ಮನೆಯಲ್ಲಿ ಎಷ್ಟು ಮಾತಾಯಿತು! ಅವನಿಗೆ ಹೇಗಿದೆ ಅಂತ ಒಬ್ಬರಾದರೂ ಕೇಳಿರಲಿಲ್ಲ.

“ಇವರ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ,” ಅಂದೆ. ಅಂಥ ಪ್ರಶ್ನೆಯನ್ನು ಯಾರೂ ನನಗೆ ಹಾಕಿರಲಿಲ್ಲ. ವಕೀಲರು ಕನ್ನಡಕ ತೆಗೆದು, ಇನ್ನು ಪ್ರಶ್ನೆಗಳಿಲ್ಲ ಅಂದರು. ಆರೋಪಿಯ ಕುರ್ಚಿಯಲ್ಲಿ ಆ ದೊಡ್ಡ ಕೈಗಳು ಒಂದರೊಳಗೊಂದು ಸೇರಿಕೊಂಡಿದ್ದವು.

ತೀರ್ಪು ಮಧ್ಯಾಹ್ನವೇ ಬಂತು. ಹೊಡೆದದ್ದು ನಿಜ ಅಂದರು ನ್ಯಾಯಾಧೀಶರು. ತನಗೇ ಹಾನಿಯಾಗುವ ಸಂಗತಿಯನ್ನು ಯಾರೂ ಕೇಳುವ ಮೊದಲೇ ತಂದಿಟ್ಟ ಸಾಕ್ಷಿಯನ್ನು ನಂಬದಿರಲು ತಮಗೆ ಕಾರಣ ಕಾಣುತ್ತಿಲ್ಲ ಎಂದೂ ಹೇಳಿದರು. ಅವನಿಗೆ ಶಿಕ್ಷೆಯಾಯಿತು. ಅವನ ಹೆಂಡತಿ ನಮ್ಮನ್ನು ದಾಟಿ ಹೋಗುವಾಗ ನನ್ನ ಕೈಯನ್ನು ನೋಡಿದಳು, ಮುಖವನ್ನು ನೋಡಲಿಲ್ಲ. ನನಗೆ ಸಂತೋಷವಾಗಲಿಲ್ಲ. ಮಗಳನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಅದು ಕೋರ್ಟು ಹೇಳುವ ಮಾತಲ್ಲ.

ಹೊರಗಿನ ಕಾರಿಡಾರಿನಲ್ಲಿ ಠಾಣೆಯವರು ಗುಂಪಾಗಿ ನಿಂತಿದ್ದರು. ಮಗಳು ಬಂದಾಗ ದಾರಿ ಬಿಟ್ಟರು. ಸಾಮಾನಿನ ಗಾಡಿಗೆ ದಾರಿ ಬಿಟ್ಟ ಹಾಗೆ, ಯಾರ ಕಣ್ಣೂ ಅವಳ ಮೇಲಿರಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಳು. ಮೆಟ್ಟಿಲಿನ ಹತ್ತಿರ ತಲುಪಿದಾಗ ಗುಂಪಿನಿಂದ ಒಬ್ಬಳು, ನಡುವಯಸ್ಸಿನ ಪೊಲೀಸ್ ಹೆಂಗಸು, ಬೇಗ ಬೇಗ ಹೆಜ್ಜೆ ಹಾಕಿ ಬಂದಳು. ಅವಳ ಕುತ್ತಿಗೆಯೆಲ್ಲ ಕೆಂಪಗಾಗಿತ್ತು.

“ನಾಳೆ ಬೆಳಗಿನ ಪಾಳಿ ನನ್ನ ಜೊತೆ,” ಅಂದಳು. “ಮೇಲಿನವರನ್ನು ನಾನೇ ಕೇಳಿಕೊಂಡೆ. ತಡ ಮಾಡಬೇಡ.”

“ಮಾಡಲ್ಲ,” ಅಂದಳು ನನ್ನ ಮಗಳು.

ಆ ಹೆಂಗಸು ಗುಂಪಿಗೆ ವಾಪಸ್ ಹೋಗಲಿಲ್ಲ. ಒಬ್ಬಳೇ ಇನ್ನೊಂದು ಬಾಗಿಲಿನಿಂದ ಹೊರಗೆ ಹೋದಳು.