ವೇದಿಕೆಯ ಕೆಳಗಿದ್ದ ಆರು ಹಲಗೆ

ನಾನು ಶಾಲೆ ಬಿಟ್ಟದ್ದು 1976ರಲ್ಲಿ, ಏಳನೆಯ ತರಗತಿಯಲ್ಲಿ. ಆಮೇಲೆ ಕಲಿತದ್ದು ಚಪ್ಪರ ಹಾಕುವ ಕೆಲಸವೊಂದೇ — ಕಂಬ, ಹಗ್ಗ, ಹಲಗೆ. ಆ ಒಂದೇ ವಿದ್ಯೆಯಿಂದ, ದುರುಗಮ್ಮ, ನಿನ್ನ ಗದ್ದುಗೆಯನ್ನು ಕಿತ್ತುಕೊಂಡವನು ನಾನೇ. ಹಲಗೆ ಇರಲಿಲ್ಲ ಎಂದು ಹನ್ನೊಂದು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಹಲಗೆ ಇದ್ದವು. ಎಲ್ಲಿದ್ದವು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಇನ್ನು ಎಲ್ಲರಿಗೂ ಗೊತ್ತಾಗಲಿ.

ಓದುವವರಿಗಾಗಿ ಮೊದಲಿನಿಂದ ಹೇಳಬೇಕು. ನೀನು ಸಂತೆಕಲ್ಲೂರಿನಲ್ಲಿ ನನ್ನ ಬೆನ್ನಿಗೆ ಹುಟ್ಟಿದ ತಮ್ಮ, ದುರುಗಪ್ಪ. ಮೂರನೆಯ ವರ್ಷಕ್ಕೆ ಜ್ವರ ಬಂದು ನಿನ್ನ ಎರಡೂ ಕಾಲು ಸೊರಗಿದವು. ಶಾಲೆಗೆ ನಿನ್ನನ್ನು ನಾನು ಬೆನ್ನ ಮೇಲೆ ಹೊತ್ತು ಒಯ್ಯುತ್ತಿದ್ದೆ. ನಾನು ಶಾಲೆ ಬಿಟ್ಟ ದಿನವೇ ನಿನ್ನ ಶಾಲೆಯೂ ನಿಂತಿತು — ಓದಿನಲ್ಲಿ ನೀನು ನನಗಿಂತ ಚುರುಕು, ಆದರೆ ಬೆನ್ನು ನನ್ನದಾಗಿತ್ತು. ತಮ್ಮನನ್ನು ಸಾಕಲು ಶಾಲೆ ಬಿಟ್ಟೆ ಎಂದು ಮಂದಿಯ ಮುಂದೆ ಹೇಳಿಕೊಂಡೆ. ಅದೂ ಸುಳ್ಳು. ನಪಾಸಾಗಿದ್ದೆ, ಅಷ್ಟೇ.

ಹದಿನಾರಕ್ಕೆ ನಿನ್ನ ತಲೆಯಲ್ಲಿ ಜಡೆ ಕಟ್ಟಿತು. ಎಲ್ಲಮ್ಮ ಕರೆದಳು ಎಂದು ನೀನು ಮುತ್ತು ಕಟ್ಟಿಸಿಕೊಂಡು ಆ ದೇವಿಗೆ ಮುಡಿಪಾದೆ. ಗಂಡಾಗಿ ಹುಟ್ಟಿ, ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬಾಳುವ ಜೋಗಪ್ಪಗಳ ಮೇಳ ಸೇರಿ ದುರುಗಮ್ಮನಾದೆ. ಅವ್ವ ತನ್ನ ಹಸಿರು ಸೀರೆಯನ್ನೇ ಕೊಟ್ಟಳು. ನಾನು ಸಿಂಧನೂರಿಗೆ ಬಂದು ಶಾಮಿಯಾನದ ಅಂಗಡಿ ಇಟ್ಟೆ. ಒಬ್ಬನೇ ಮಗ ಎಂದು ಹೇಳಿ ಮದುವೆಯಾದೆ. ನೀನು ಕೂತು ನೂಕುವ, ನಾಲ್ಕು ಬೇರಿಂಗಿನ ಗಾಲಿಯ ಪುಟ್ಟ ಗಾಡಿಯ ಸದ್ದು ಬೀದಿಯಲ್ಲಿ ಕೇಳಿದರೆ ಒಳಗೆ ಹೋಗಿ ಹಗ್ಗ ಸುತ್ತುತ್ತ ಕೂರುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ.

1988ರಲ್ಲಿ ಲಿಂಗಸುಗೂರಿನಿಂದ ಶಾಂತಮ್ಮ ನನ್ನ ಅಂಗಡಿಗೆ ಬಂದಳು — ನಿನ್ನ ಗುರು.

“ಮೇಸ್ತ್ರಿ, ಈ ಸಲ ನಮ್ಮ ಕೂಟ ಮಸ್ಕ್ಯಾಗ ಐತಿ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡಿ ನಮ್ಮ ಮಂದಿ ಕೂಡ್ತೀವಿ. ಹಂದರ ಮಾತ್ರ ನಾ ಹೇಳಿದಂಗ ಆಗ್ಬೇಕು.” ಬೆರಳು ಮಡಚುತ್ತ ಹೇಳಿದಳು: “ಚೌಡಿಕಿ ಬಾರ್ಸೋ ಮಾನಪ್ಪಗ ಕಣ್ಣಿಲ್ಲ. ಬಾಗ್ಲದಿಂದ ಸ್ಟೇಜಿನತನ ಒಂದು ಹಗ್ಗ ಬಿಗೀರಿ, ಹಿಡ್ಕೊಂಡು ಬರ್ತಾನ. ನೀರಿನ ಗಡಿಗಿ ನೆಲದ ಮ್ಯಾಲಽ ಇಡ್ರಿ, ಕುಂತವರ ಕೈಗೆ ಎಟುಕಬೇಕು. ನಿಂದ್ರಲಾರದವರಿಗೆ ಮುಂದಿನ ನೆಳ್ಳು. ಮತ್ತ ಸ್ಟೇಜಿಗೆ ಮೆಟ್ಲ ಬ್ಯಾಡ, ಇಳಿಜಾರು ಬೇಕು. ಗಾಲಿ ಹತ್ತಬೇಕು.”

“ಯಾರ್ ಹತ್ತೋರು?”

“ನನ್ನ ಗದ್ದಿಗಿ ಏರಾಕಿ. ನಿಮ್ಮ ದುರುಗಿನಽ.” ನನ್ನ ಮುಖ ನೋಡಿ ನಕ್ಕಳು. “ಮಖ ಯಾಕ ಸಣ್ಣದು ಮಾಡ್ತೀರಿ? ಇಳಿಜಾರು ಸಣ್ಣದು ಮಾಡ್ಬ್ಯಾಡ್ರಿ, ಸಾಕು.”

ನಿಮ್ಮ ಮೇಳದ ಪದ್ಧತಿ ನನಗೆ ಗೊತ್ತಿತ್ತು. ಗುರುವಾಗುವವಳು ಹಳ್ಳದಲ್ಲಿ ಕೊಡ ತುಂಬಿ, ಅದನ್ನು ತಲೆಯ ಮೇಲಿಟ್ಟುಕೊಂಡು ಬಂದು ಗದ್ದುಗೆಯ ಮುಂದೆ ಇಳಿಸಬೇಕು. ಕೊಡ ತಲೆಗೇರಿದ ಮೇಲೆ ಆಕೆಯನ್ನು ಯಾರೂ ಮುಟ್ಟುವಂತಿಲ್ಲ, ಎತ್ತುವಂತಿಲ್ಲ. ಹಾಕಿದ ಗದ್ದುಗೆಯನ್ನು ಕದಲಿಸುವಂತಿಲ್ಲ. ನಡುದಾರಿಯಲ್ಲಿ ಕೊಡ ಇಳಿದರೆ ಅದು ಆ ತಲೆಗೆ ಮತ್ತೆಂದೂ ಏರುವುದಿಲ್ಲ.

ಕೆಲಸ ಒಲ್ಲೆ ಎನ್ನುವ ಸ್ವಭಾವ ನನ್ನದಲ್ಲ. ಎರಡು ಮೊಳ ಎತ್ತರದ ವೇದಿಕೆ ಹಾಕಿದೆ. ಒಂದು ಮೊಳ ಏರಲು ಎಂಟು ಮೊಳ ಉದ್ದ ಎಂಬುದು ನನ್ನ ಲೆಕ್ಕ. ಹದಿನಾರು ಮೊಳದ ಇಳಿಜಾರಿಗೆ ಆರು ಹಲಗೆ ಜೋಡಿಸಿದೆ. ಗಾಲಿ ಜಾರದಂತೆ ಮೇಲೆ ಗೋಣಿತಟ್ಟು ಬಿಗಿದೆ. ಅಂಥ ಇಳಿಜಾರನ್ನು ಅದಕ್ಕೆ ಮೊದಲೂ ಹಾಕಿರಲಿಲ್ಲ, ಆಮೇಲೂ — ಇರಲಿ. ಸಂಜೆ ಶಾಂತಮ್ಮ ಬಂದು ಅದರ ಮೇಲೆ ಎರಡು ಸಲ ನಡೆದು ನೋಡಿ ಹೋದಳು.

ಮರುದಿನ ಮುಂಜಾನೆ ಮಸ್ಕಿಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ನನ್ನ ಗಿರಾಕಿಯಾಗಿದ್ದ ಬತ್ತದ ದಲಾಲಿಯೊಬ್ಬ ಎಲ್ಲರಿಗೂ ಕೇಳುವಂತೆ ಕೂಗಿದ:

“ಏನಲೇ ಮೇಸ್ತ್ರಿ, ತಮ್ಮ ಸೀರಿ ಉಟ್ಟು ಪಟ್ಟ ಕಟ್ಟಿಸ್ಕೊಳ್ಳಾಕತ್ತಾನಂತ, ನೀನಽ ಹಂದರ ಹಾಕೀಯಂತ! ನನ್ನ ಮಗಳ ಮದಿವಿಗೂ ಕರ್ಕೊಂಡು ಬಾರಲೇ, ಕಳಸ ಹಿಡೀತಾಳ!”

ಹೋಟೆಲಿಗೆ ಹೋಟೆಲೇ ನಕ್ಕಿತು. “ನನಗ್ಯಾವ ತಮ್ಮ? ಯಾರೋ ಏನೋ,” ಎಂದು ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನ ಬಾಯಲ್ಲಿ ಹುಳಿಯಾಗಿಯೇ ಇದೆ.

ನೀವೆಲ್ಲ ಹಳ್ಳಕ್ಕೆ ಹೋಗಿದ್ದಿರಿ. ನಾನೊಬ್ಬನೇ ಇಳಿಜಾರು ಬಿಚ್ಚಿದೆ. ಆರೂ ಹಲಗೆಗಳನ್ನು ವೇದಿಕೆಯ ಕೆಳಗೆ ನೂಕಿ, ಮುಂದೆ ಅಲಂಕಾರದ ಕೆಂಪು ಬಟ್ಟೆ ಇಳಿಬಿಟ್ಟೆ. ಇಳಿಜಾರಿದ್ದ ಕಡೆ ನಾಲ್ಕು ಮೆಟ್ಟಿಲು ಇಟ್ಟೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳು.

ಚೌಡಿಕೆ ಬಾರಿಸುತ್ತ ಮೇಳ ಬಂತು. ಮಾನಪ್ಪ ಹಗ್ಗ ಹಿಡಿದು ನೆಟ್ಟಗೆ ಬಂದ. ನಡುವೆ ನೀನು — ತಲೆಯ ಮೇಲೆ ಕೊಡ, ಎರಡೂ ಕೈಯಿಂದ ನೆಲ ಒತ್ತುತ್ತ, ಒಂದು ಹನಿ ನೀರೂ ಚೆಲ್ಲದಂತೆ ಗಾಡಿ ನಡೆಸುತ್ತ. ಮೆಟ್ಟಿಲ ಮುಂದೆ ನಿನ್ನ ಗಾಡಿ ನಿಂತಿತು.

“ಎಲ್ಲೈತ್ರೀ ಇಳಿಜಾರು?” ಶಾಂತಮ್ಮ ಚೀರಿದಳು. “ನಿನ್ನೆ ಸಂಜೀಕ ಇತ್ತಲ್ಲ!”

“ವಳಕಮದಿನ್ನಿ ಮದಿವಿ ಹಂದರಕ್ಕ ಹಲಗಿ ಕಮ್ಮಿ ಬಿದ್ವು. ಮುಂಜಾನೆ ಗಾಡಿ ಬಂದು ಒಯ್ತ್ರೀ.”

“ನಿನ್ನ ಕೈ ಸೇದಿಹೋಗ್ಲಿ! ನಮ್ಮದೇನು ಹಂದರ ಅಲ್ಲೇನು?”

ಯಾರೋ ಓಡಿಹೋಗಿ ಮನೆಯ ಬಾಗಿಲೊಂದನ್ನು ಕಿತ್ತು ತಂದರು. ನಾಲ್ಕು ಮೊಳದ ಬಾಗಿಲು; ಗಾಡಿ ಹತ್ತಲಿಲ್ಲ, ಹಿಂದಕ್ಕೆ ಜಾರಿತು. ಹತ್ತುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ನನ್ನ ಲೆಕ್ಕ ನನಗೆ ಗೊತ್ತಿಲ್ಲವೇ? ಕೈಕಟ್ಟಿಕೊಂಡು ನೋಡುತ್ತ ನಿಂತೆ.

ಬಿಸಿಲು ನೆತ್ತಿಗೇರಿತು. ಕೊಡ ಹೊತ್ತೇ ನೀನು ಕಾದೆ. ಆಗ ಗಾಳಿ ಬೀಸಿ ಕೆಂಪು ಬಟ್ಟೆ ಗೇಣುದ್ದ ಮೇಲೆದ್ದಿತು. ನಿಂತಿದ್ದ ಅಷ್ಟು ಮಂದಿಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ನಿನ್ನ ಕಣ್ಣು ಇದ್ದ ಎತ್ತರಕ್ಕೆ ಎಲ್ಲವೂ ಕಂಡಿತು. ತಲೆ ಅಲುಗಿಸದೆ ಕಣ್ಣನ್ನಷ್ಟೇ ಹೊರಳಿಸಿ ನನ್ನನ್ನು ನೋಡಿದೆ.

ನೀನು ಒಂದು ಮಾತು ಆಡಿದ್ದರೆ ಸಾಕಿತ್ತು. ಹಲಗೆ ಹೊರಬರುತ್ತಿದ್ದವು, ನೀನು ಮೇಲೇರುತ್ತಿದ್ದೆ, ನನ್ನನ್ನು ಅಲ್ಲೇ ಮಣ್ಣಲ್ಲಿ ಹೊರಳಾಡಿಸಿ ಹೊಡೆಯುತ್ತಿದ್ದರು. ನೀನು ಹೇಳಿದ್ದು ಬೇರೆ.

“ಗುರುವ್ವ, ನನ್ನ ಕೊಳ್ಳು ಸೋತೈತಿ. ಇಳಿಸ್ರಿ.”

ಹುಲಿಗಿಯ ಜಾತ್ರೆಗೆ ನಡೆದವರ ಜೊತೆ ಕೊಡ ಹೊತ್ತು ಹಗಲಿಡೀ ಗಾಡಿ ನೂಕಿದ ಕೊರಳು ಅದು. ಸೋತಿರಲಿಲ್ಲ. ಶಾಂತಮ್ಮ ಅಳುತ್ತ ಕೊಡ ಇಳಿಸಿದಳು. ಗದ್ದುಗೆ ಬೇರೆಯವಳಿಗೆ ಹೋಯಿತು. ಅವಳು ನಾಲ್ಕು ಮೆಟ್ಟಿಲು ಹತ್ತಿ ಹೋಗಿ ಕೂತಳು, ಅಷ್ಟು ಸುಲಭವಾಗಿ.

ಎಲ್ಲ ಮುಗಿದು ನಾನು ಗೂಟ ಕೀಳುತ್ತಿದ್ದಾಗ ಬೇರಿಂಗಿನ ಸದ್ದು ಹತ್ತಿರ ಬಂತು.

“ಅಣ್ಣಾ, ನಿಂತವರಿಗೆ ಕಾಣ್ಲಿಲ್ಲ. ನಾ ಕುಂತಾಕಿ, ಕಂಡ್ವು. ಆರೂ ಅದಾವ, ಎಣಿಸ್ಕೊಂಡು ಹೋಗು.”

ಕಾಲು ಹಿಡಿಯಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು. ನಾನು ಅಂದದ್ದು ಇಷ್ಟು:

“ಅದಾವ. ನಿನಗಲ್ಲ.”

ನೀನು ಗಾಡಿ ತಿರುಗಿಸಿ ಹೋದೆ. ಆ ವರ್ಷವೇ ನೀನು ಮೇಳ ಬಿಟ್ಟು ಚಿನ್ನದ ಗಣಿಯ ಹಟ್ಟಿಗೆ ಹೋದೆ ಎಂದು ಕೇಳಿದೆ. ಗಣಿಯ ಪಾಳಿ ಮುಗಿಸಿ ಬರುವವರಿಗೆ ಹೂ ಕಟ್ಟಿ ಮಾರುತ್ತೀಯಂತೆ. ನಾನು ಒಂದು ಸಲವೂ ಬರಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು — ಈಗಲೂ ಇದೆ, ಮುಚ್ಚಿಡುವುದಿಲ್ಲ. ನನ್ನನ್ನು ಯಾಕೆ ಉಳಿಸಿದೆ? ಅವತ್ತೇ ಏಟು ತಿಂದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ನೀನು ಬಾಯಿ ಮುಚ್ಚಿಕೊಂಡೆ, ನನ್ನನ್ನು ಹನ್ನೊಂದು ವರ್ಷ ಈ ಸುಳ್ಳಿನ ಜೊತೆ ಬಿಟ್ಟೆ. ಆ ದಲಾಲಿಯ ಮಗಳ ಮದುವೆಯ ಚಪ್ಪರವನ್ನೂ ನಾನೇ ಹಾಕಿದೆ. ಆತ ಹಂಗಿಸಿದ್ದು ನಿಜ. ಹಲಗೆ ಬಿಚ್ಚಿದ ಕೈ ಆತನದಲ್ಲ.

ಈ ವರ್ಷ ಕೂಟ ಲಿಂಗಸುಗೂರಿನಲ್ಲಂತೆ. ಚಪ್ಪರದ ಕೆಲಸ ಬೇರೆಯವರಿಗೆ ಕೊಟ್ಟಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ನಾನು ಬರಿಗೈಯಲ್ಲಿ ಹೋಗಿ, ಈ ಬರಹವನ್ನು ಶಾಂತಮ್ಮನ ಮುಂದೆ, ಎಲ್ಲರ ಮುಂದೆ ಓದುತ್ತೇನೆ. ಆಮೇಲೆ ಅವರು ಏನು ಮಾಡುತ್ತಾರೋ ಮಾಡಲಿ. ಕೊಡ ನಿನ್ನ ತಲೆಗೆ ಮತ್ತೆ ಏರುವುದಿಲ್ಲ. ಅದು ನನಗೆ ಗೊತ್ತು.

ಈಗ ನನ್ನ ಬಳಿ ನಾಲ್ಕು ಶಾಮಿಯಾನ, ಎಂಬತ್ತು ಕಂಬ, ಮುನ್ನೂರು ಕುರ್ಚಿ, ಒಂದು ಟ್ರಾಲಿ ಇವೆ. ಆಮೇಲೆ ಯಾವ ಚಪ್ಪರಕ್ಕೂ ಹೋಗದೆ ಗೋಡೆಗೆ ಒರಗಿ ನಿಂತ ಆರು ಹಲಗೆ. ಹಟ್ಟಿಯಲ್ಲಿ ಒಬ್ಬಳು ತಂಗಿ.